ಸಿಕ್ಲಿಡ್ ಮರಿ ಸಾಕಣೆ

ಸಿಕ್ಲಿಡ್ ಮರಿ ಸಾಕಣೆ ಎಂದರೆ ಸಿಕ್ಲಿಡ್ ಕುಟುಂಬದ ಮೀನುಗಳು ಮನೆಯ ಅಕ್ವೇರಿಯಂನಲ್ಲಿ ಮೊಟ್ಟೆಯಿಟ್ಟಾಗ ಮರಿಗಳನ್ನು ಉಳಿಸಿ ಬೆಳೆಸುವ ಕ್ರಮ. ಈ ಕುಟುಂಬದ ಬಹುಪಾಲು ಮೀನುಗಳು ಆಫ್ರಿಕ ಮತ್ತು ಅಮೆರಿಕ ಖಂಡಗಳವು. ಭಾರತದ ಮೂಲನಿವಾಸಿಗಳು ಮೂರೇ ಪ್ರಭೇದ. ಅವುಗಳಲ್ಲಿ ಎಟ್ರೋಪ್ಲಸ್ ಕೆನರೆನ್ಸಿಸ್ ಅನ್ನು ಮೀನುತಜ್ಞ ಫ್ರಾನ್ಸಿಸ್ ಡೇ 1877ರಲ್ಲಿ ವರ್ಣಿಸಿದ.

ಏಂಜೆಲ್, ಡಿಸ್ಕಸ್ ಜೋಡಿಗಳು ಎಲೆಗೋ ಕಲ್ಲಿಗೋ ಮೊಟ್ಟೆ ಅಂಟಿಸಿ, ರೆಕ್ಕೆಯಿಂದ ನೀರು ಬೀಸುತ್ತ ಕಾಯುತ್ತವೆ. ಮಲಾವಿ ಸರೋವರದ ಎಂಬುನಾ ಹೆಣ್ಣು ಮೊಟ್ಟೆ, ಮರಿಗಳನ್ನು ಸುಮಾರು ಮೂರು ವಾರ ಬಾಯಲ್ಲೇ ಹೊರುತ್ತದೆ. ಡಿಸ್ಕಸ್ ಮರಿಗಳು ತಂದೆತಾಯಿಯ ಪಕ್ಕೆಗೆ ಮುತ್ತಿ ಮೈಲೋಳೆ ಕಚ್ಚಿ ತಿನ್ನುತ್ತವೆ.

ಹಳದಿಚೀಲ ಕರಗಿ ಈಜತೊಡಗಿದ ಮರಿಗಳಿಗೆ ಆಗತಾನೆ ಮೊಟ್ಟೆಯೊಡೆದ ಆರ್ಟೀಮಿಯ ಎಂಬ ಪುಟ್ಟ ಉಪ್ಪುನೀರಿನ ಸೀಗಡಿ ಉತ್ತಮ ಆಹಾರ. ಮರಿಗಳನ್ನು ಒಳಗೆಳೆಯದ ಸ್ಪಂಜ್ ಫಿಲ್ಟರ್ ಬಳಸಲಾಗುತ್ತದೆ.

ನೀರಿನ ಗುಣ ನಿರ್ಣಾಯಕ. ಉದಾಹರಣೆಗೆ, ಕಲಬುರಗಿ ಜಿಲ್ಲೆಯ ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್ ಸುತ್ತಿನದು ಸುಣ್ಣಕಲ್ಲಿನ ನೆಲ. ಇಂಥ ನೆಲದ ಬೋರ್‌ವೆಲ್ ನೀರು ಸಾಮಾನ್ಯವಾಗಿ ಗಡಸು. ಅದು ಎಂಬುನಾಗಳಿಗೆ ಒಗ್ಗುತ್ತದೆ. ಡಿಸ್ಕಸ್ ಮೊಟ್ಟೆಗೆ ಮೃದುನೀರು ಬೇಕು.