ಗಂಡಸಿಗೆ ಹಿಡಿದ ದೆವ್ವ

ದೆವ್ವಗಳ ವಿಷಯದಲ್ಲಿ ನಮ್ಮ ಚಿಕ್ಕಮ್ಮ ಅನುಭವಸ್ಥೆ. ತಮಾಷೆಗೆ ಹೇಳುತ್ತಿಲ್ಲ. ಕೃಷ್ಣರಾಜಪುರದ ಗಂಡನ ಮನೆಯಲ್ಲಿ ಅವಳಿಗೆ ಎರಡು ವರ್ಷ ‘ಗಾಳಿ ಸೋಕಿತ್ತು’. ದೀಪ ಹಚ್ಚುವ ಹೊತ್ತಿಗೆ ಬಾವಿಕಟ್ಟೆಯ ಹತ್ತಿರ ಕೂತವಳು ಇದ್ದಕ್ಕಿದ್ದಂತೆ ದಪ್ಪ ದನಿಯಲ್ಲಿ ಅತ್ತೆಯನ್ನು ಏಕವಚನದಲ್ಲಿ ಬೈಯುತ್ತಿದ್ದಳು. ಮುಡಿ ಬಿಚ್ಚಿ ತೂಗಾಡಿ ಕೊನೆಗೆ ಸುಸ್ತಾಗಿ ಬಿದ್ದುಬಿಡುತ್ತಿದ್ದಳು. ಮಾರನೆಯ ಬೆಳಿಗ್ಗೆ ಕೇಳಿದರೆ, “ನಾನಾ? ಹಾಗಂದೆನಾ?” ಎಂದು ಕಣ್ಣರಳಿಸುತ್ತಿದ್ದಳು.

ಮದ್ದು ಮಾಡುವುದರಲ್ಲಿ ಯಾರೂ ಹಿಂದೆ ಬೀಳಲಿಲ್ಲ. ಹಲಸೂರಿನ ಸೋಮೇಶ್ವರನ ವಿಭೂತಿ ಬಂತು. ಯಾವುದೋ ದರ್ಗಾದ ತಾಯತ ಬಂತು. ಶಿವಾಜಿನಗರದ ಸಂತ ಮೇರಿಯ ಚರ್ಚಿನಲ್ಲಿ ಸೀರೆಯುಟ್ಟ ಮಾತೆಯ ಮುಂದೆ ನಮ್ಮಮ್ಮ ಮೇಣದಬತ್ತಿ ಹಚ್ಚಿ ಬಂದಳು. ದಂಡಿನ ಕಡೆಯ ಹೆಂಗಸರು ಕಷ್ಟ ಬಂದಾಗ ದೇವರ ಜಾತಿ ಕೇಳುವವರಲ್ಲ. ಕೊನೆಗೆ ಅತ್ತೆಯ ಕಡೆಯವರು ಒಬ್ಬ ಮಂತ್ರವಾದಿಯನ್ನು ಕರೆಸಿದರು. ಅವನದು ಬೇವಿನ ಬರಲು, ಮೆಣಸಿನಕಾಯಿ ಹೊಗೆ. ಚಿಕ್ಕಮ್ಮನ ಬೆನ್ನಿನ ಮೇಲಿದ್ದ ಬಾಸುಂಡೆಗಳನ್ನು ನಾನು ನೋಡಿದ್ದು ಅವಳು ನಮ್ಮ ಮನೆಯಲ್ಲಿ ಎಣ್ಣೆನೀರು ಹಾಕಿಸಿಕೊಂಡ ದಿನ. ಆಗ ನನಗೆ ಹನ್ನೊಂದು ವರ್ಷ.

ಅದೇ ವರ್ಷ, 1980ರಲ್ಲಿ, ನಾವೆಲ್ಲ ಕೆ.ಆರ್. ಪುರದ ಟೆಂಟಿನಲ್ಲಿ ‘ನಾ ನಿನ್ನ ಬಿಡಲಾರೆ’ ನೋಡಿದೆವು.

ಹಲಸೂರಿನವರು ಕನ್ನಡ ಸಿನಿಮಾ ನೋಡಲು ಅಷ್ಟು ದೂರ ಹೋಗಬೇಕಿತ್ತೇ ಎಂದು ನೀವು ಕೇಳಬಹುದು. ಹಾಗಿತ್ತು ಕಾಲ. 1809ರಲ್ಲಿ ಬ್ರಿಟಿಷರು ಕಟ್ಟಿದ ದಂಡು ಪ್ರದೇಶ 1949ರವರೆಗೂ ಬೆಂಗಳೂರು ಪೇಟೆಯಿಂದ ಬೇರೆಯೇ ಆದ ಊರು. ಎರಡೂ ಸೇರಿ ಒಂದೇ ಕಾರ್ಪೊರೇಷನ್ ಆದ ಮೇಲೂ ಸಿನಿಮಾ ಮಂದಿರಗಳು ಸೇರಲಿಲ್ಲ. ಪ್ಲಾಜಾ, ರೆಕ್ಸ್, ಲಿಡೊಗಳಲ್ಲಿ ಇಂಗ್ಲಿಷು. ಶಿವಾಜಿನಗರ, ಹಲಸೂರುಗಳಲ್ಲಿ ಹೆಚ್ಚಾಗಿ ತಮಿಳು, ಹಿಂದಿ. ಕನ್ನಡ ಬೇಕೆಂದರೆ ಕೆಂಪೇಗೌಡ ರಸ್ತೆಗೆ ಹೋಗಬೇಕು. ಇಲ್ಲವೇ ಊರಾಚೆಯ ಟೆಂಟಿಗೆ. ಪೇಟೆಯಲ್ಲಿ ಓಡಿ ಓಡಿ ಗೀರು ಬಿದ್ದ ರೀಲು ವರ್ಷ ತಡವಾಗಿ ಅಲ್ಲಿಗೆ ಬರುತ್ತಿತ್ತು. ಮರಳನ್ನು ಗುಡ್ಡೆ ಮಾಡಿಕೊಂಡು ಅದರ ಮೇಲೆ ಕೂತು, ಸೆರಗಿನಲ್ಲಿ ಕಡಲೆಕಾಯಿ ಇಟ್ಟುಕೊಂಡು ನೋಡಿದ ಸುಖ ಕುರ್ಚಿಯಲ್ಲಿ ಕೂತವರಿಗೆ ಗೊತ್ತಿಲ್ಲ.

‘ನಾ ನಿನ್ನ ಬಿಡಲಾರೆ’ 1979ರ ಚಿತ್ರ. ನಿರ್ದೇಶನ ವಿಜಯ್, ಸಂಗೀತ ರಾಜನ್–ನಾಗೇಂದ್ರ. ಅನಂತನಾಗ್, ಲಕ್ಷ್ಮಿ ಗಂಡ ಹೆಂಡತಿ. ನಾಯಕನನ್ನು ಬಯಸಿ, ಅವನು ಸಿಗದೆ ಸತ್ತ ಹೆಣ್ಣೊಬ್ಬಳ ಆತ್ಮ ಅವನ ಮೈಯನ್ನೇ ಹೊಕ್ಕುಬಿಡುತ್ತದೆ. ಹೆಂಡತಿ ರಾಘವೇಂದ್ರ ಸ್ವಾಮಿಗಳಿಗೆ ಮೊರೆಹೊಕ್ಕು ಗಂಡನನ್ನು ಉಳಿಸಿಕೊಳ್ಳುತ್ತಾಳೆ. ಕಥೆ ಇಷ್ಟೇ. 1981ರಲ್ಲಿ ಇದು ಹಿಂದಿಯಲ್ಲಿ ‘ಮಂಗಳಸೂತ್ರ’ ಆಯಿತು. ಅಲ್ಲೂ ಅನಂತನಾಗ್, ಜೊತೆಗೆ ರೇಖಾ. ಕನ್ನಡದಲ್ಲಿ ದೆವ್ವದ ಚಿತ್ರಗಳ ಮಾತು ಬಂದರೆ ಹಳಬರು ಈಗಲೂ ಮೊದಲು ಹೇಳುವ ಹೆಸರು ಇದೇ. ಇಂದಿನ ಮಕ್ಕಳ ಮುಂದೆ ಹೇಳಿದರೆ ಪಿಳಿಪಿಳಿ ನೋಡುತ್ತಾರೆ.

ಟೆಂಟಿನಲ್ಲಿ ಹೆಂಗಸರ ಪಕ್ಕದಿಂದ ಕಿರುಚಾಟವೋ ಕಿರುಚಾಟ. ನಾನಂತೂ ಅಮ್ಮನ ತೊಡೆಯಲ್ಲಿ ಮುಖ ಹುದುಗಿಸಿದ್ದೆ. ಚಿಕ್ಕಮ್ಮ ಮಾತ್ರ ಅಲುಗಾಡದೆ, ರೆಪ್ಪೆ ಮಿಟುಕಿಸದೆ ನೋಡಿದಳು. ಇದನ್ನು ನೋಡಿ ಇವಳಿಗೆ ಮತ್ತೆ ಬಂದುಬಿಟ್ಟರೆ ಎಂದು ಅಮ್ಮನಿಗೆ ಒಳಗೊಳಗೇ ನಡುಕ. ಆಟ ಬಿಟ್ಟು ಕತ್ತಲೆಯಲ್ಲಿ ನಡೆದು ಬರುವಾಗ ಚಿಕ್ಕಮ್ಮ ಒಂದೇ ಒಂದು ಮಾತಾಡಿದಳು: “ಅಕ್ಕಾ, ಅವನಿಗೆ ಹಿಡಿದಾಗ ಹೆಂಡತಿ ಎಷ್ಟು ಅತ್ತಳು. ನನಗೆ ಹಿಡಿದಾಗ ಯಾರು ಅತ್ತರೇ?”

ಅಮ್ಮ ಉತ್ತರ ಕೊಡಲಿಲ್ಲ. ಚಿಕ್ಕಮ್ಮನ ಕೈ ಹಿಡಿದುಕೊಂಡಳು, ಅಷ್ಟೆ.

ಆ ಮಾತು ನನ್ನ ಜೊತೆ ಬೆಳೆಯಿತು. ದೊಡ್ಡವಳಾದ ಮೇಲೆ ಹಲವು ದೆವ್ವದ ಚಿತ್ರಗಳನ್ನು ನೋಡಿದೆ. ಅಮೆರಿಕದಲ್ಲಿ 1973ರಲ್ಲಿ ತೆರೆಕಂಡು ಲೋಕವನ್ನೆಲ್ಲ ಹೆದರಿಸಿದ ‘ದಿ ಎಕ್ಸಾರ್ಸಿಸ್ಟ್’ನಲ್ಲಿ ಪಿಶಾಚಿ ಹೊಗುವುದು ಹನ್ನೆರಡರ ಹುಡುಗಿಯ ಮೈಯನ್ನು. 2004ರ ನಮ್ಮ ‘ಆಪ್ತಮಿತ್ರ’ದಲ್ಲಿ ನಾಗವಲ್ಲಿ ಬರುವುದು ಸೌಂದರ್ಯ ಮಾಡಿದ ಹೆಂಡತಿಯ ಪಾತ್ರದ ಮೇಲೆ. ಅಲ್ಲಿ ವಿಷ್ಣುವರ್ಧನ್ ಮನೋವೈದ್ಯ. ಅಷ್ಟರ ಮಟ್ಟಿಗೆ ಕಾಲ ಬದಲಾಗಿತ್ತು. ಆದರೂ ಮೈ ಹೆಣ್ಣಿನದೇ. ಕಾಡುವವಳೂ ಹೆಣ್ಣು, ಕಾಡಿಸಿಕೊಳ್ಳುವವಳೂ ಹೆಣ್ಣು. ‘ನಾ ನಿನ್ನ ಬಿಡಲಾರೆ’ ಗಂಡಸನ್ನು ಆ ಜಾಗದಲ್ಲಿ ನಿಲ್ಲಿಸಿತು. ಹಾಗೆ ನಿಲ್ಲಿಸಿದ್ದರಿಂದಲೇ, ದೆವ್ವ ಹಿಡಿದವರು ಕರುಣೆಗೆ ಪಾತ್ರರು ಎಂಬುದು ಕೆ.ಆರ್. ಪುರದ ಒಬ್ಬ ಸೊಸೆಗೆ ಹೊಳೆಯಿತು.

ಆಟ ನೋಡಿದ ವಾರದಲ್ಲೇ ಅಮ್ಮ ತಂಗಿಯನ್ನು ಹಲಸೂರಿಗೆ ಕರೆತಂದಳು. ಅಲ್ಲಿಂದ ಯಾರಿಗೂ ಹೇಳದೆ ನಿಮ್ಹಾನ್ಸ್‌ಗೆ. 1954ರಲ್ಲಿ ಶುರುವಾದ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ಪಕ್ಕದ ಆಸ್ಪತ್ರೆಯೊಂದಿಗೆ ಸೇರಿ 1974ರಲ್ಲಿ ಆ ಹೆಸರು ಪಡೆದಿತ್ತು. ಜನರ ಬಾಯಲ್ಲಿ ಇನ್ನೂ ‘ಹುಚ್ಚಾಸ್ಪತ್ರೆ’ಯೇ. ಡಾಕ್ಟರಮ್ಮ ಚಿಕ್ಕಮ್ಮನನ್ನು ಕೇಳಿದ ಮೊದಲ ಪ್ರಶ್ನೆ: “ಮಕ್ಕಳೆಷ್ಟಮ್ಮ?” ಚಿಕ್ಕಮ್ಮ ಬಿಕ್ಕಿ ಬಿಕ್ಕಿ ಅತ್ತಳಂತೆ. ಹುಟ್ಟಿದ ಒಂಬತ್ತನೆಯ ದಿನಕ್ಕೆ ಹೋದ ಹೆಣ್ಣು ಕೂಸಿನ ಹೆಸರನ್ನೂ ಆ ಮನೆಯಲ್ಲಿ ಎತ್ತುವಂತಿರಲಿಲ್ಲ. “ಹೆಣ್ಣು ತಾನೇ, ಹೋಗಲಿ ಬಿಡು” ಎಂದಿದ್ದರು ಅತ್ತೆ. ಸೊಸೆಯಾಗಿ ಎದುರು ಮಾತಾಡುವ ಹಾಗಿಲ್ಲ. ದೆವ್ವವಾದರೆ ಎಲ್ಲವನ್ನೂ ಆಡಬಹುದು.

ನಮ್ಮ ಕರಾವಳಿಯ ಕೋಟದಲ್ಲಿ ಮನೋವೈದ್ಯ ಆರ್.ಎಲ್. ಕಪೂರ್, ಕಾರ್‌ಸ್ಟೇರ್ಸ್ ಎಂಬ ವಿದ್ವಾಂಸರ ಜೊತೆ ಮನೆಮನೆಗೆ ಹೋಗಿ ಜನರ ಮನಸ್ಸಿನ ಸಂಕಟಗಳನ್ನು ಕೇಳಿದ್ದರು. ಮಂತ್ರವಾದಿಗಳನ್ನೂ, ಮೈಮೇಲೆ ಬರುವ ಪಾತ್ರಿಗಳನ್ನೂ ಕಂಡಿದ್ದರು. ಆ ಅಧ್ಯಯನ 1976ರಲ್ಲೇ ಪುಸ್ತಕವಾಗಿತ್ತು. ಕೆ.ಆರ್. ಪುರದ ಬಾವಿಕಟ್ಟೆಗೆ ಆ ಸುದ್ದಿ ಮುಟ್ಟಿರಲಿಲ್ಲ. ಟೆಂಟಿನ ಸಿನಿಮಾ ಮುಟ್ಟಿತ್ತು.

ಆರು ತಿಂಗಳು ಮಾತ್ರೆ ನಡೆಯಿತು. ಅಮ್ಮ ಸಂಜೆ ಸಂಜೆ ತಂಗಿಯ ಪಕ್ಕ ಕೂತು ಆ ಕೂಸಿನ ವಿಷಯ ಕೇಳುತ್ತಿದ್ದಳು. ಮಾತ್ರೆ ವಾಸಿ ಮಾಡಿತೋ, ಮಾತು ವಾಸಿ ಮಾಡಿತೋ, ಸೋಮೇಶ್ವರನೋ, ಮೇರಿ ಮಾತೆಯೋ, ನಾನು ಹೇಳಲಾರೆ. ಬೇವಿನ ಬರಲಂತೂ ಅಲ್ಲ.

ಈಗ ಲಿಡೊ ಇದ್ದಲ್ಲಿ ಮಾಲ್ ಎದ್ದಿದೆ. ರೆಕ್ಸ್ 2018ರ ಕೊನೆಯ ದಿನ ಕೊನೆಯ ಆಟ ಆಡಿ ಬಾಗಿಲು ಹಾಕಿತು. ಟೆಂಟಿನ ಜಾಗದಲ್ಲಿ ಮನೆಗಳು. ಚಿಕ್ಕಮ್ಮನಿಗೆ ಎಪ್ಪತ್ತು ದಾಟಿದೆ. ಹೋದ ಯುಗಾದಿಗೆ ಅವಳ ಮೊಮ್ಮಗಳು ತನ್ನ ಫೋನಿನಲ್ಲಿ ಆ ಹಳೆಯ ಚಿತ್ರ ಹಾಕಿ ತೋರಿಸಿದಳು. ಚಿಕ್ಕಮ್ಮ ಕನ್ನಡಕ ಏರಿಸಿಕೊಂಡು ಕೊನೆಯವರೆಗೂ ನೋಡಿದಳು. ಈ ಸಲ ಹೆಂಡತಿಯ ಮಾತೆತ್ತಲಿಲ್ಲ.

“ಪಾಪ ಕಣೇ, ಆ ದೆವ್ವದ ಹುಡುಗಿ,” ಎಂದಳು. “ಸಾಯುವ ಮುಂಚೆ ಯಾರಾದರೂ ಪಕ್ಕ ಕೂತು, ಏನಮ್ಮಾ ನಿನ್ನ ಕಷ್ಟ ಅಂತ ಕೇಳಬೇಕಿತ್ತು.”