ತಪ್ಪುಗಳ ವಂಶಾವಳಿ

1998ರ ಮಾತು. ಆಗ ನಾನು ಸಣ್ಣ ಊರೊಂದರ ಇಂಗ್ಲಿಷ್ ಮಾಧ್ಯಮದ ಶಾಲೆಯಲ್ಲಿ ಏಳನೆಯ ತರಗತಿಗೆ ಇಂಗ್ಲಿಷ್ ಪಾಠ ಹೇಳುತ್ತಿದ್ದೆ. ಪೋಷಕರ ಸಭೆಯ ದಿನ ಒಬ್ಬ ಹುಡುಗಿ ತಂದೆಯ ಜೊತೆ ಬಂದಳು. ತಾಯಿ ಗೇಟಿನ ಹೊರಗೆ, ಹೊಂಗೆ ಮರದ ಕೆಳಗೆ ನಿಂತಿದ್ದರು. "ಅಮ್ಮನನ್ನೂ ಒಳಗೆ ಕರೀಬಾರದೇನೆ?" ಎಂದೆ. ಹುಡುಗಿ ತಂದೆಗೆ ಕೇಳಿಸದಂತೆ, "ಅಮ್ಮ ಇಸ್ಕೂಲು ಅಂತಾರೆ ಮಿಸ್. ಎಲ್ರೂ ನಗ್ತಾರೆ" ಎಂದಳು.

ಆ ನಗುವನ್ನು ತರಗತಿಗೆ ಕಲಿಸಿದವಳು ನಾನೇ. ಹಿಂದಿನ ವಾರವಷ್ಟೇ ಉಚ್ಚಾರಣೆಯ ಪಾಠದಲ್ಲಿ ಇಸ್ಕೂಲು, ಇಸ್ಟೇಷನ್ನು, ಇಸ್ಪೂನು ಎಂದು ಅಣಕಿಸಿ ನಲವತ್ತು ಮಕ್ಕಳನ್ನು ನಗಿಸಿದ್ದೆ. ಪಾಠ ಚೆನ್ನಾಗಿ ಆಯಿತೆಂದು ಹೆಮ್ಮೆಯಿಂದಲೇ ಮನೆಗೆ ಹೋಗಿದ್ದೆ. ನಗು ಒಂದು ಮನೆಯ ತಾಯಿಯನ್ನು ಗೇಟಿನ ಹೊರಗೆ ನಿಲ್ಲಿಸಬಲ್ಲದೆಂದು ನನಗೆ ತೋಚಿರಲಿಲ್ಲ.

ಬಿ.ಎ.ಯಲ್ಲಿ ನಾನು ಇತಿಹಾಸ ಓದಿದವಳು. ರಾಜರ ವಂಶಾವಳಿ ಬಾಯಿಪಾಠವಿತ್ತು. ತಪ್ಪುಗಳಿಗೂ ವಂಶಾವಳಿ ಇರುತ್ತದೆಂದು ತಿಳಿದದ್ದು ಆ ದಿನದ ನಂತರ, ಗ್ರಂಥಾಲಯದ ದಪ್ಪ ನಿಘಂಟುಗಳನ್ನು ತಿರುವಿಹಾಕಿದ ಮೇಲೆ.

ಮೊದಲು ಇಸ್ಕೂಲನ್ನೇ ನೋಡಿ. ಅಚ್ಚಗನ್ನಡದ ಮಾತುಗಳು ಸಾಮಾನ್ಯವಾಗಿ ಒತ್ತಕ್ಷರದಿಂದ ಶುರುವಾಗುವುದಿಲ್ಲ. 'ಸ್ಕೂ' ಎನ್ನುವುದು ನಾಲಿಗೆಗೆ ಎತ್ತರದ ಹೊಸ್ತಿಲಿದ್ದಂತೆ. ದಾಟಲು ಮುಂದೊಂದು 'ಇ' ಎಂಬ ಮೆಟ್ಟಿಲು ಬೇಕು. ಇದು ನಮ್ಮ ಹಳ್ಳಿಯವರ ದಡ್ಡತನವಲ್ಲ. ಶಾಲೆಗೆ ಲ್ಯಾಟಿನ್ನಿನಲ್ಲಿ 'ಸ್ಕೋಲಾ' ಎನ್ನುತ್ತಿದ್ದರು. ಅದು ಸ್ಪೇನಿನವರ ಬಾಯಲ್ಲಿ 'ಎಸ್ಕ್ವೇಲಾ' ಆಯಿತು. ಫ್ರೆಂಚರಲ್ಲಿ 'ಎಸ್ಕೋಲ್' ಆಗಿ, ಮುಂದೆ ಸಕಾರವೂ ಸವೆದು 'ಎಕೋಲ್' ಎಂದು ನಿಂತಿತು. ನಮ್ಮ ಸಂಸ್ಕೃತದ 'ಸ್ತ್ರೀ' ಪಾಲಿ ಭಾಷೆಯಲ್ಲಿ 'ಇತ್ಥಿ'. ಪ್ಯಾರಿಸ್ಸಿನವರು ಹೇಳಿದರೆ ಸೊಗಸು, ಬೌದ್ಧರ ಗ್ರಂಥದಲ್ಲಿದ್ದರೆ ಪೂಜ್ಯ, ನಮ್ಮೂರ ತಾಯಿ ಹೇಳಿದರೆ ಮಾತ್ರ ನಗು!

ಇನ್ನೂ ಒಂದು ತಮಾಷೆ. ಬಸ್ಸು, ಕಾರು, ಪೆನ್ನು, ಸ್ಕೂಲು ಎಂದು ಎಲ್ಲಕ್ಕೂ ಕೊನೆಯಲ್ಲಿ 'ಉ' ಸೇರಿಸಿ ಮಾತಾಡುವವರು ನಾವೆಲ್ಲರೂ. ನಾನೂ ಅಷ್ಟೆ. ಬಾಲಕ್ಕೆ ಸ್ವರ ಅಂಟಿಸಿದರೆ ಮರ್ಯಾದಸ್ಥರು, ತಲೆಗೆ ಅಂಟಿಸಿದರೆ ಗಮಾರರು. ಇದು ಯಾವ ವ್ಯಾಕರಣದ ನ್ಯಾಯವೋ ನೀವೇ ಹೇಳಿ.

ಮಾತಿನ ಕಥೆ ಇದಾದರೆ, ಕಾಗುಣಿತದ್ದು ಇನ್ನೂ ಸ್ವಾರಸ್ಯ. 'ಡೆಟ್' ಎಂದರೆ ಸಾಲ. ಆ ಪದ ಬರೆಯುವಾಗ ನಡುವೆ ಸದ್ದಿಲ್ಲದ 'ಬಿ' ಒಂದು ಕೂತಿರುತ್ತದೆ. ಅದನ್ನು ಬಿಟ್ಟ ಮಕ್ಕಳಿಗೆ ನಾನು ಐವತ್ತು ಸಲ ಬರೆಸಿದ್ದುಂಟು. ಫ್ರೆಂಚಿನಿಂದ ಆ ಪದ ಬಂದಾಗ ಅದರಲ್ಲಿ ಬಿ ಇರಲೇ ಇಲ್ಲ. ಮೂಲ ಲ್ಯಾಟಿನ್ನಿನ 'ಡೆಬಿಟಮ್' ನೆನಪಿಗಿರಲೆಂದು ಪಂಡಿತರು ಆಮೇಲೆ ಅದನ್ನು ತುರುಕಿದರು. ದ್ವೀಪಕ್ಕೆ ಹೇಳುವ 'ಐಲ್ಯಾಂಡ್'ನಲ್ಲಿರುವ 'ಎಸ್' ಅಂತೂ ಶುದ್ಧ ತಪ್ಪು. ಅದು ಹಳೆಯ ಇಂಗ್ಲಿಷಿನ ಪದ. ಲ್ಯಾಟಿನ್ನಿನ 'ಇನ್ಸುಲಾ'ಕ್ಕೂ ಅದಕ್ಕೂ ರಕ್ತಸಂಬಂಧವಿಲ್ಲ. ಇದೆಯೆಂದು ಭ್ರಮಿಸಿ 16ನೇ ಶತಮಾನದಲ್ಲಿ ಎಸ್ ಸೇರಿಸಿದರು. ಅದನ್ನು ಬಿಟ್ಟು ಬರೆಯುವ ಮಗು ಪಂಡಿತರಿಗಿಂತ ಸತ್ಯಕ್ಕೆ ಹತ್ತಿರವಿದೆ.

ಅಡುಗೆಮನೆಯಲ್ಲಿ ಕಟ್ಟಿಕೊಳ್ಳುವ 'ಏಪ್ರನ್' ಮೊದಲು 'ನೇಪ್ರನ್' ಆಗಿತ್ತು. 'ಎ ನೇಪ್ರನ್' ಎಂದದ್ದನ್ನು 'ಆನ್ ಏಪ್ರನ್' ಎಂದು ಕೇಳಿಸಿಕೊಂಡು ಜನ ನಕಾರವನ್ನು ಕಳೆದರು. ಬಟಾಣಿಗೆ 'ಪೀಸ್' ಎಂದರೇ ಏಕವಚನ. ಅದನ್ನು ಬಹುವಚನವೆಂದು ತಿಳಿದು 'ಪೀ' ಎಂಬ ಹೊಸ ಏಕವಚನ ಹುಟ್ಟಿಸಿದರು. ಹಕ್ಕಿಗೆ ಮೊದಲು 'ಬ್ರಿಡ್' ಎನ್ನುತ್ತಿದ್ದರು. ಅಕ್ಷರ ಹಿಂದುಮುಂದಾಗಿ 'ಬರ್ಡ್' ಆಯಿತು.

ಹಾಗಾದರೆ ಬರಹಕ್ಕೂ ಉಚ್ಚಾರಕ್ಕೂ ಇಷ್ಟು ಜಗಳವೇಕೆ? 1476ರಲ್ಲಿ ವಿಲಿಯಂ ಕ್ಯಾಕ್ಸ್‌ಟನ್ ವೆಸ್ಟ್‌ಮಿನ್‌ಸ್ಟರಿನಲ್ಲಿ ಇಂಗ್ಲೆಂಡಿನ ಮೊದಲ ಮುದ್ರಣಾಲಯ ತೆರೆದ. ಆ ಕಾಲಕ್ಕೆ ಇಂಗ್ಲಿಷಿನ ಸ್ವರಗಳು ಬದಲಾಗುತ್ತಲೇ ಇದ್ದವು. ಮುದ್ರಣ ಬೆಳೆದಂತೆ ಕಾಗುಣಿತ ಗಟ್ಟಿಯಾಯಿತು, ನಾಲಿಗೆ ಮುಂದೆ ನಡೆಯಿತು. 'ನೈಫ್'ನ ಮೊದಲಲ್ಲಿರುವ 'ಕೆ'ಯನ್ನು ಒಂದು ಕಾಲಕ್ಕೆ ಉಚ್ಚರಿಸುತ್ತಲೇ ಇದ್ದರು. ಈಗ ಅದು ಹಳೇ ಮನೆಯ ಗೋಡೆಯ ಖಾಲಿ ಮೊಳೆ. ಶೇಕ್ಸ್‌ಪಿಯರನ ಉಳಿದಿರುವ ಆರು ಸಹಿಗಳಲ್ಲಿ ಅವನ ಹೆಸರಿನ ಕಾಗುಣಿತವೇ ಒಂದೇ ರೀತಿ ಇಲ್ಲ. ಜಾನ್ಸನ್ನನ ನಿಘಂಟು ಬಂದದ್ದು 1755ರಲ್ಲಿ. ನುಡಿದಂತೆ ಬರೆಯುವ ಕನ್ನಡದಲ್ಲಿ ಬೆಳೆದ ಮಕ್ಕಳಿಗೆ ಈ ಭಾಷೆ ಒಗಟಾದರೆ ಆಶ್ಚರ್ಯವೇನು?

ನಾವು 'ಕಸಿನ್ ಸಿಸ್ಟರ್' ಎನ್ನುತ್ತೇವೆ. ಸಿಸ್ಟರ್ ಬೇಡ, ಕಸಿನ್ ಸಾಕು ಎಂದು ತಿದ್ದುತ್ತಾರೆ. ಆದರೆ ಚಿಕ್ಕಪ್ಪನ ಮಗಳು ನಮಗೆ ತಂಗಿ, ಸೋದರಮಾವನ ಮಗಳು ನಾದಿನಿ. ಎರಡನ್ನೂ ಒಂದೇ ಮಾತಿನಲ್ಲಿ ಮುಗಿಸಲು ನಮ್ಮ ಮನಸ್ಸು ಒಪ್ಪದು. ಆ ತಪ್ಪಿನೊಳಗೆ ನಮ್ಮ ಮನೆತನವೇ ಕೂತಿದೆ.

ಹಾಗೆಂದು ನಾನು ಕೆಂಪು ಪೆನ್ನು ಬಿಸಾಡಲಿಲ್ಲ. ಪರೀಕ್ಷೆಯಲ್ಲಿ ಬಿ ಬಿಟ್ಟರೆ ಅಂಕ ಹೋಗುತ್ತದೆ, ಕೆಲಸದ ಅರ್ಜಿಯಲ್ಲಿ ತಪ್ಪಿದ್ದರೆ ಕೆಲಸವೇ ಹೋಗಬಹುದು. ಬಡವರ ಮಕ್ಕಳಿಗೆ ಆ ನಷ್ಟ ಹೆಚ್ಚು. ಆದ್ದರಿಂದ ತಿದ್ದಲೇಬೇಕು. ತಿದ್ದುವುದು ಬೇರೆ, ನಗುವುದು ಬೇರೆ; ನನಗೆ ಇಷ್ಟು ತಿಳಿಯಲು ಒಂದು ಹೊಂಗೆ ಮರ ಬೇಕಾಯಿತು.

ಮುಂದಿನ ವಾರ ತರಗತಿಯಲ್ಲಿ ಎಸ್ಕ್ವೇಲಾ, ಎಕೋಲ್‌ಗಳ ಕಥೆ ಹೇಳಿ, "ಅವತ್ತು ನಾನು ನಗಿಸಿದ್ದು ತಪ್ಪು" ಎಂದೆ. ಮಕ್ಕಳು ಮುಖ ಮುಖ ನೋಡಿಕೊಂಡರು. ಆ ಹುಡುಗಿ ಪುಸ್ತಕದಿಂದ ತಲೆ ಎತ್ತಲಿಲ್ಲ.

ಮುಂದಿನ ಸಭೆಗೆ ತಾಯಿ ಒಳಗೆ ಬಂದರು. ಮಗಳು ಕರೆದಳೋ, ತಾವೇ ಬಂದರೋ ನಾನು ಕೇಳಲಿಲ್ಲ. ಸೆರಗಿನಲ್ಲಿ ಬೆವರು ಒರೆಸಿಕೊಳ್ಳುತ್ತಾ, "ಇಸ್ಕೂಲಿಗೆ ಬರೋದು ತಡ ಆಯ್ತು ಮೇಡಂ, ಬಸ್ಸು ಸಿಗ್ಲಿಲ್ಲ" ಎಂದರು. ಹುಡುಗಿ ತಾಯಿಯನ್ನು ನೋಡಲಿಲ್ಲ. ನನ್ನ ಮುಖವನ್ನೇ ನೋಡುತ್ತಿದ್ದಳು.

"ತಡ ಏನಿಲ್ಲ, ಬನ್ನಿ ಕೂತ್ಕೊಳ್ಳಿ" ಎಂದು ಕುರ್ಚಿ ಎಳೆದು ಕೊಟ್ಟೆ.