ಮುಚ್ಚಿದ ಗಡಿಗಳ ನಡುವೆ: ಗೆಯೊರ್ಗಿ ಅಸ್ಪರೂಹೋವ್‌ನ ಆಟದ ಬದುಕು ಮತ್ತು ಒಂದು ಐತಿಹ್ಯದ ಪರಿಶೀಲನೆ

ಬಲ್ಗೇರಿಯಾದ ಫುಟ್‌ಬಾಲ್ ಪ್ರಿಯರ ನಡುವೆ ಒಂದು ಕಥೆ ಅರ್ಧ ಶತಮಾನದಿಂದ ಬಾಯಿಂದ ಬಾಯಿಗೆ ಹರಿದುಬಂದಿದೆ. ಇಟಲಿಯ ಮಿಲಾನ್ ಕ್ಲಬ್ಬಿನವರು ಕೈತುಂಬ ಹಣ ಕೊಡುತ್ತೇವೆಂದು ಕರೆದರೂ ಗೆಯೊರ್ಗಿ ಅಸ್ಪರೂಹೋವ್ ಹೋಗಲಿಲ್ಲ, ತಾಯ್ನಾಡನ್ನೂ ತನ್ನ ಲೆವ್‌ಸ್ಕಿ ತಂಡವನ್ನೂ ಬಿಡಲು ಒಪ್ಪಲಿಲ್ಲ ಎನ್ನುವುದು ಆ ಕಥೆ. ಇದನ್ನು ಹೇಳುವವರ ಪ್ರೀತಿಯಲ್ಲಿ ಸಂದೇಹವಿಲ್ಲ. ಆದರೆ ಆ ಕಾಲದ ಯುರೋಪಿನ ಫುಟ್‌ಬಾಲ್ ಆಡಳಿತದ ನಿಯಮಗಳನ್ನು ಪಕ್ಕದಲ್ಲಿಟ್ಟುಕೊಂಡು ನೋಡಿದರೆ ಕಥೆಯ ಬುಡವೇ ಅಲುಗಾಡುತ್ತದೆ. ಆ ನಿರಾಕರಣೆಯನ್ನೇ ನಡುಗಂಬವಾಗಿ ನಿಲ್ಲಿಸಿ ಆತನ ಆಟದ ಬದುಕನ್ನು ವಿವರಿಸುವುದು ತಪ್ಪು ದಾರಿ ಎಂಬುದು ಈ ಲೇಖನದ ವಾದ.

ಅಸ್ಪರೂಹೋವ್ ಹುಟ್ಟಿದ್ದು 1943ರ ಮೇ 4ರಂದು, ಸೋಫಿಯಾದಲ್ಲಿ. ‘ಗುಂಡಿ’ ಎಂಬುದು ಜನ ಪ್ರೀತಿಯಿಂದ ಕರೆದ ಹೆಸರು. ಲೆವ್‌ಸ್ಕಿಯ ಕಿರಿಯರ ತಂಡದಲ್ಲಿ ಪಳಗಿದ ಈ ಎತ್ತರದ ಸೆಂಟರ್ ಫಾರ್ವರ್ಡ್‌ನ ಹೆಸರು ಮೊದಲು ದೊಡ್ಡದಾಗಿ ಕೇಳಿಬಂದದ್ದು ಮಾತ್ರ ಪ್ಲೊವ್‌ಡಿವ್ ನಗರದಲ್ಲಿ. ಕಡ್ಡಾಯ ಸೈನಿಕ ಸೇವೆಗೆ ಅಲ್ಲಿಗೆ ಹೋದಾಗ ಬೋತೆವ್ ತಂಡದ ಪರ ಆಡಿದ. ಬೋತೆವ್ 1962ರಲ್ಲಿ ರಾಷ್ಟ್ರೀಯ ಕಪ್ ಗೆದ್ದು, ಮುಂದಿನ ಋತುವಿನ ಯುರೋಪಿಯನ್ ಕಪ್ ವಿನ್ನರ್ಸ್ ಕಪ್‌ನಲ್ಲಿ ಕ್ವಾರ್ಟರ್ ಫೈನಲ್‌ವರೆಗೆ ಹೋಗಿ ಆಟ್ಲೆಟಿಕೊ ಮ್ಯಾಡ್ರಿಡ್‌ಗೆ ಸೋತಿತು. ಒಬ್ಬ ಯುವಕ ಎಲ್ಲಿ ಆಡಬೇಕೆಂಬುದು ಸೈನ್ಯದ ನೇಮಕಾತಿ ಪಟ್ಟಿಯ ಮೇಲೆ ನಿಂತಿದ್ದ ಕಾಲ ಅದು. ಸೇನೆಯ ತಂಡವಾದ ಸಿಎಸ್‌ಕೆಎ ರಾಜಧಾನಿಯಲ್ಲಿ ಲೆವ್‌ಸ್ಕಿಯ ಬದ್ಧ ಎದುರಾಳಿ. ಲೆವ್‌ಸ್ಕಿಯೂ ಕೊನೆಗೆ ಸರ್ಕಾರದ ಹಿಡಿತದಿಂದ ತಪ್ಪಿಸಿಕೊಳ್ಳಲಿಲ್ಲ. 1969ರಲ್ಲಿ ಅದನ್ನು ಸ್ಪಾರ್ಟಕ್ ಸೋಫಿಯಾದೊಡನೆ ಸೇರಿಸಿ ಗೃಹ ಸಚಿವಾಲಯದ ಆಶ್ರಯಕ್ಕೆ ಒಪ್ಪಿಸಲಾಯಿತು. ಇಂಥ ವ್ಯವಸ್ಥೆಯಲ್ಲಿ ‘ಆತ ಕ್ಲಬ್ ಬಿಡಲಿಲ್ಲ’ ಎಂಬ ಮಾತಿನ ಕರ್ತೃ ಯಾರು ಎಂದು ಕೇಳಲೇಬೇಕಾಗುತ್ತದೆ.

ಮಿಲಾನ್ ಮತ್ತು ಲೆವ್‌ಸ್ಕಿ ಮುಖಾಮುಖಿಯಾದದ್ದು 1967–68ರ ಕಪ್ ವಿನ್ನರ್ಸ್ ಕಪ್‌ನ ಮೊದಲ ಸುತ್ತಿನಲ್ಲಿ. ಸೋಫಿಯಾದಲ್ಲಿ 1–1, ಮಿಲಾನಿನಲ್ಲಿ ಲೆವ್‌ಸ್ಕಿಗೆ 5–1ರ ಸೋಲು. ಐತಿಹ್ಯದ ಪ್ರಕಾರ ಇಟಲಿಯವರು ಅಸ್ಪರೂಹೋವ್‌ನನ್ನು ಕಂಡು ಮನಸೋತದ್ದು ಈ ಸಂದರ್ಭದಲ್ಲಿ. ಮನಸೋತಿರಬಹುದು. ಆದರೆ 1966ರ ವಿಶ್ವಕಪ್‌ನಲ್ಲಿ ಉತ್ತರ ಕೊರಿಯಾಕ್ಕೆ ಸೋತು ತಲೆತಗ್ಗಿಸಿದ ಮೇಲೆ ಇಟಲಿ ಹೊಸ ವಿದೇಶಿ ಆಟಗಾರರಿಗೆ ತನ್ನ ಲೀಗಿನ ಬಾಗಿಲು ಹಾಕಿತ್ತು, ಅದು ಮತ್ತೆ ತೆರೆದದ್ದು 1980ರಲ್ಲಿ. 1968ರಲ್ಲಿ ಅದೇ ಕಪ್ ಗೆದ್ದ ಮಿಲಾನ್ ತಂಡದಲ್ಲಿ ಸ್ವೀಡನ್ನಿನ ಕುರ್ಟ್ ಹಾಮ್ರಿನ್, ಜರ್ಮನಿಯ ಕಾರ್ಲ್‌ಹೈನ್ಸ್ ಶ್ನೆಲ್ಲಿಂಗರ್ ಇದ್ದರಲ್ಲ ಎಂದು ಯಾರಾದರೂ ಕೇಳಬಹುದು. ಅವರು ನಿಷೇಧಕ್ಕೆ ಮುಂಚೆಯೇ ಇಟಲಿಗೆ ಬಂದು ನೆಲೆನಿಂತವರು. 1967ರ ಶರತ್ಕಾಲದಲ್ಲಿ ಸೋಫಿಯಾದಿಂದ ಹೊಸಬನೊಬ್ಬನನ್ನು ಕರೆತಂದು ಇಟಲಿಯ ಲೀಗಿನಲ್ಲಿ ಆಡಿಸಲು ಅವಕಾಶವೇ ಇರಲಿಲ್ಲ.

ಉಳಿದ ಕಡೆಗಳಲ್ಲೂ ಇದೇ ಸ್ಥಿತಿ. ಸ್ಪೇನ್ 1962ರಿಂದ 1973ರವರೆಗೆ ವಿದೇಶಿಯರ ಆಮದನ್ನು ತಡೆದಿತ್ತು. ಇಂಗ್ಲೆಂಡಿನ ಲೀಗ್ 1978ರವರೆಗೆ ಹೊರಗಿನವರಿಗೆ ಹೆಚ್ಚುಕಡಿಮೆ ಮುಚ್ಚಿಯೇ ಇತ್ತು. ಲಿಸ್ಬನ್ನಿನ ಬೆನ್‌ಫಿಕಾ ಕೂಡ ಆತನನ್ನು ಬಯಸಿತ್ತೆಂದು ಹೇಳುವವರಿದ್ದಾರೆ. ಪೋರ್ಚುಗಲ್ ಮತ್ತು ಅದರ ವಸಾಹತುಗಳ ಆಟಗಾರರನ್ನಷ್ಟೇ ಕಣಕ್ಕಿಳಿಸುವುದು 1970ರ ದಶಕದ ಕೊನೆಯವರೆಗೂ ಆ ಕ್ಲಬ್ ಪಾಲಿಸಿಕೊಂಡು ಬಂದ ಸಂಪ್ರದಾಯ. ಒಳಗಿನಿಂದ ಬಲ್ಗೇರಿಯಾ ಸರ್ಕಾರ ಬಿಡುತ್ತಿರಲಿಲ್ಲ, ಹೊರಗಿನಿಂದ ಪಶ್ಚಿಮದ ಒಕ್ಕೂಟಗಳು ಸೇರಿಸಿಕೊಳ್ಳುತ್ತಿರಲಿಲ್ಲ. ಈ ಎರಡನೆಯ ಕಾರಣವನ್ನು ಐತಿಹ್ಯ ಪೂರ್ತಿ ಮರೆತಿದೆ. ಕಬ್ಬಿಣದ ಪರದೆಯ ಬಗ್ಗೆ ಬರೆಯುವಾಗ ತಡೆಗೋಡೆ ಒಂದೇ ಕಡೆಯಿಂದ ಎದ್ದಿತ್ತೆಂದು ಭಾವಿಸುವ ರೂಢಿಗೆ ಇದೊಂದು ಉದಾಹರಣೆ.

ಹಾಗಾದರೆ ಆತನ ಆಟವನ್ನು ಯಾವ ಮಾನದಂಡದಿಂದ ಅಳೆಯುವುದು? ರಾಷ್ಟ್ರೀಯ ತಂಡಕ್ಕೆ 50 ಪಂದ್ಯ, 19 ಗೋಲು. ಹ್ರಿಸ್ತೊ ಬೋನೆವ್‌ನ 47, ದಿಮಿತರ್ ಬೆರ್ಬಾತೋವ್‌ನ 48 ಗೋಲುಗಳ ಪಕ್ಕದಲ್ಲಿ ಇದು ಸಣ್ಣ ಸಂಖ್ಯೆ. 1962, 1966, 1970ರ ಮೂರು ವಿಶ್ವಕಪ್ ತಂಡಗಳಲ್ಲಿ ಆತನಿದ್ದ, ಬಲ್ಗೇರಿಯಾ ಆ ಮೂರರಲ್ಲಿ ಒಂದು ಪಂದ್ಯವನ್ನೂ ಗೆಲ್ಲಲಿಲ್ಲ. ಒಟ್ಟು ಲೆಕ್ಕವನ್ನಷ್ಟೇ ನೋಡುವ ಸಂಶೋಧಕ ಇಲ್ಲಿಗೆ ಕಡತ ಮುಚ್ಚಿಬಿಡಬಹುದು. ನಾನು ಕೇಳುವುದು ಬೇರೆ: ಪಶ್ಚಿಮದ ಮೊದಲ ದರ್ಜೆಯ ರಕ್ಷಕರು ಆತನಿಗೆ ಎದುರಾಗಲು ಇದ್ದ ಸಂದರ್ಭಗಳು ಎಷ್ಟು, ಅಲ್ಲಿ ಆತ ಮಾಡಿದ್ದೇನು?

1965ರ ಡಿಸೆಂಬರ್ 29ರಂದು ಫ್ಲಾರೆನ್ಸ್‌ನಲ್ಲಿ ನಡೆದ ಪಂದ್ಯ ಇದಕ್ಕೆ ಒಳ್ಳೆಯ ಸಾಕ್ಷಿ. ವಿಶ್ವಕಪ್ ಅರ್ಹತಾ ಗುಂಪಿನಲ್ಲಿ ಬಲ್ಗೇರಿಯಾ, ಬೆಲ್ಜಿಯಂ ಎರಡೂ ಮೂರು ಗೆದ್ದು ಒಂದು ಸೋತಿದ್ದವು. ಬೆಲ್ಜಿಯಂ 11 ಗೋಲು ಹೊಡೆದು 3 ಬಿಟ್ಟುಕೊಟ್ಟಿತ್ತು, ಬಲ್ಗೇರಿಯಾ 9 ಹೊಡೆದು 6 ಬಿಟ್ಟುಕೊಟ್ಟಿತ್ತು. ಬ್ರಸೆಲ್ಸ್‌ನಲ್ಲಿ ಬಲ್ಗೇರಿಯನ್ನರು 5–0ಯಿಂದ ನೆಲಕಚ್ಚಿದ್ದರು. ಗೋಲುಗಳ ಅಂತರವನ್ನು ಪರಿಗಣಿಸುವ ನಿಯಮವಿದ್ದಿದ್ದರೆ ಪಾಲ್ ವಾನ್ ಹಿಮ್ಸ್ಟ್‌ನ ತಂಡವೇ ಇಂಗ್ಲೆಂಡಿಗೆ ಹೋಗುತ್ತಿತ್ತು. ಆ ನಿಯಮವಿಲ್ಲದ್ದರಿಂದ ತಟಸ್ಥ ನೆಲದಲ್ಲಿ ಒಂದು ನಿರ್ಣಾಯಕ ಪಂದ್ಯ ಏರ್ಪಟ್ಟಿತು. ಮೊದಲ ಅರ್ಧದಲ್ಲಿ, ಒಂದೆರಡು ನಿಮಿಷಗಳ ಅಂತರದಲ್ಲಿ, ಅಸ್ಪರೂಹೋವ್ ಎರಡು ಗೋಲು ಹೊಡೆದ. ಬೆಲ್ಜಿಯಂಗೆ ಒಂದನ್ನು ಮಾತ್ರ ತಿರುಗಿಸಲು ಸಾಧ್ಯವಾಯಿತು. 2–1. 1966ರ ವಿಶ್ವಕಪ್‌ಗೆ ಬಲ್ಗೇರಿಯಾ ಹೋದದ್ದು ಆ ಎರಡು ಗೋಲುಗಳ ಬಲದಿಂದ. ಅಲ್ಲಿ ಆ ದೇಶಕ್ಕೆ ದಕ್ಕಿದ ಒಂದೇ ಗೋಲು, ಹಂಗೇರಿಯ ವಿರುದ್ಧದ್ದು, ಅದೂ ಆತನದೇ. 19ರಲ್ಲಿ ಈ ಮೂರನ್ನು ಉಳಿದವುಗಳ ಜೊತೆ ಸರಿಸಮವಾಗಿ ಎಣಿಸುವುದು ಅಂಕಿಗೆ ಸರಿ, ಚರಿತ್ರೆಗೆ ಸಾಲದು.

ಅದೇ 1965ರಲ್ಲಿ ಯುರೋಪಿಯನ್ ಕಪ್‌ನಲ್ಲಿ ಲೆವ್‌ಸ್ಕಿಗೆ ಎದುರಾದದ್ದು ಯುಸೇಬಿಯೊನ ಬೆನ್‌ಫಿಕಾ. ಸೋಫಿಯಾದಲ್ಲಿ 2–2, ಲಿಸ್ಬನ್ನಿನಲ್ಲಿ 3–2ರಿಂದ ಸೋಲು. ಲಿಸ್ಬನ್ನಿನಲ್ಲಿ ಲೆವ್‌ಸ್ಕಿಯ ಎರಡು ಗೋಲುಗಳೂ ಅಸ್ಪರೂಹೋವ್‌ನವು. ಆ ಕಾಲದಲ್ಲಿ ಯುರೋಪಿನ ಅತಿ ಬಲಿಷ್ಠ ಕ್ಲಬ್ಬುಗಳಲ್ಲೊಂದರ ಅಂಗಳದಲ್ಲಿ ಹೊಡೆದ ಗೋಲುಗಳು ಅವು.

ಇನ್ನೊಂದು 1968ರ ಡಿಸೆಂಬರ್ 11, ವೆಂಬ್ಲಿ. ಎದುರಿಗೆ ವಿಶ್ವ ಚಾಂಪಿಯನ್ ಇಂಗ್ಲೆಂಡ್. ಗೋಲಿನಿಂದ ಬಹುದೂರದಲ್ಲಿ ಚೆಂಡು ಪಡೆದು, ಬೆನ್ನಟ್ಟಿದ ರಕ್ಷಕರನ್ನು ಹಿಂದೆ ಹಾಕಿ, ಗೋಲ್‌ಕೀಪರ್ ಗಾರ್ಡನ್ ವೆಸ್ಟ್‌ನನ್ನು ಸೋಲಿಸಿ ಆತ ಹೊಡೆದ ಗೋಲು ಬಲ್ಗೇರಿಯಾದಲ್ಲಿ ಇಂದಿಗೂ ಮಾತಿನಲ್ಲಿದೆ. ಕೆಲವೇ ನಿಮಿಷಗಳಲ್ಲಿ ಜೆಫ್ ಹರ್ಸ್ಟ್ ಸಮ ಮಾಡಿದ, ಪಂದ್ಯ 1–1ರಲ್ಲಿ ನಿಂತಿತು. ಎತ್ತರದ ಸೆಂಟರ್ ಫಾರ್ವರ್ಡ್ ಎಂದರೆ ಪೆನಾಲ್ಟಿ ಪ್ರದೇಶದಲ್ಲಿ ನಿಂತು ತಲೆಯೊಡ್ಡುವವನೆಂಬ ಲೆಕ್ಕಾಚಾರ ಬಲವಾಗಿದ್ದಾಗ, ಈತ ದೂರದಿಂದ ಚೆಂಡನ್ನು ಕಾಲಿಗಂಟಿಸಿಕೊಂಡೇ ಬಂದ. ಆತನ ಆಟದ ವೈಶಿಷ್ಟ್ಯ ಇಷ್ಟು ಸ್ಪಷ್ಟವಾಗಿ ಕಾಣುವ ಇನ್ನೊಂದು ಗೋಲನ್ನು ನಾನು ಸೂಚಿಸಲಾರೆ.

ದೇಶದೊಳಗಿನ ಸಾಧನೆಯನ್ನು ಚುಟುಕಾಗಿ ಹೇಳಬಹುದು. 1964–65ರಲ್ಲಿ 27 ಗೋಲುಗಳೊಡನೆ ಲೀಗಿನಲ್ಲೇ ಮೊದಲಿಗನಾದ. ಆ ವರ್ಷವೂ 1968, 1970ರಲ್ಲೂ ಲೆವ್‌ಸ್ಕಿ ಚಾಂಪಿಯನ್ ಆಯಿತು.

ಆತನ ಕೊನೆಯ ದಿನಗಳನ್ನು ಬರೆಯುವಾಗ ವಿಧಿಯ ಕೈವಾಡ ಹುಡುಕುವ ಆಸೆ ಸಹಜ. 1971ರ ಜೂನ್ 28ರಂದು ಸಿಎಸ್‌ಕೆಎ ವಿರುದ್ಧದ ಪಂದ್ಯದಲ್ಲಿ ಪ್ಲಾಮೆನ್ ಯಾಂಕೋವ್ ಜೊತೆ ಘರ್ಷಣೆಯಾಗಿ ರೆಫರಿ ಇಬ್ಬರನ್ನೂ ಹೊರಗಟ್ಟಿದರು. ಸಭ್ಯ ಆಟಗಾರನೆಂದೇ ಹೆಸರಾದವನಿಗೆ ಇದು ಅಪರೂಪದ ಅನುಭವ. ಎರಡು ದಿನಗಳ ನಂತರ, ಜೂನ್ 30ರಂದು, ವ್ರಾತ್ಸಾ ನಗರದ ಕ್ಲಬ್ಬಿನ ಸುವರ್ಣ ಮಹೋತ್ಸವದ ಪಂದ್ಯಕ್ಕೆಂದು ಸಹ ಆಟಗಾರ ನಿಕೊಲಾ ಕೋತ್ಕೋವ್ ಜೊತೆ ಕಾರಿನಲ್ಲಿ ಹೊರಟ. ವಿತಿನ್ಯಾ ಘಟ್ಟದ ರಸ್ತೆಯಲ್ಲಿ ಅಪಘಾತವಾಗಿ ಇಬ್ಬರೂ ತೀರಿಕೊಂಡರು. ಅಸ್ಪರೂಹೋವ್‌ಗೆ ಆಗ 28 ವರ್ಷ. ಅಂತ್ಯಕ್ರಿಯೆಗೆ ಸೋಫಿಯಾದ ಬೀದಿಗಳಲ್ಲಿ ಜನಸಾಗರ ಸೇರಿತ್ತು. ಹೊರಹಾಕಿದ್ದಕ್ಕೂ ಸಾವಿಗೂ ಗಂಟು ಹಾಕಿ ಹೇಳುವ ಕಥನಗಳು ಭಾವುಕವಾಗಿ ಸೆಳೆಯುತ್ತವೆ, ನಾನು ಅವನ್ನು ಪುರಾವೆಯೆಂದು ಒಪ್ಪುವುದಿಲ್ಲ. ಮಿಲಾನಿನ ಕಥೆ ಬೆಳೆದು ಬಲಿತದ್ದಕ್ಕೆ ಮಾತ್ರ ಈ ಸಾವೇ ಮುಖ್ಯ ಕಾರಣವೆಂದು ನನಗೆ ಅನ್ನಿಸುತ್ತದೆ. ಮೂವತ್ತು ತುಂಬುವ ಮುನ್ನ ಹೋದವನು ಏನನ್ನೆಲ್ಲ ಆಗಬಹುದಿತ್ತು ಎಂಬ ಸಂಕಟಕ್ಕೆ ಜನ ಒಂದು ವಿಳಾಸ ಹುಡುಕಿದರು, ಸಿಕ್ಕಿದ ವಿಳಾಸ ಮಿಲಾನ್.

1990ರಲ್ಲಿ ಲೆವ್‌ಸ್ಕಿಯ ಕ್ರೀಡಾಂಗಣಕ್ಕೆ ಆತನ ಹೆಸರಿಟ್ಟರು. ಅದೇ ವರ್ಷ ಸಿಎಸ್‌ಕೆಎ ತಂಡದ ಹ್ರಿಸ್ತೊ ಸ್ತೊಯ್ಚ್‌ಕೋವ್ ಬಾರ್ಸಿಲೋನಾ ಸೇರಿದ. ಬಲ್ಗೇರಿಯಾದ ಆಳ್ವಿಕೆ ಆಗಷ್ಟೇ ಬದಲಾಗಿತ್ತು, ಸ್ಪೇನಿನ ನಿಷೇಧ ತೆರವಾಗಿ ಹದಿನೇಳು ವರ್ಷಗಳಾಗಿದ್ದವು. ಆಗಲೂ ಕಣದಲ್ಲಿ ಮೂವರು ವಿದೇಶಿಯರಿಗಿಂತ ಹೆಚ್ಚು ಇರುವಂತಿರಲಿಲ್ಲ. 1993ರಲ್ಲಿ ರೊಮಾರಿಯೊ ಬಂದ ಮೇಲೆ ಸ್ತೊಯ್ಚ್‌ಕೋವ್, ಕೂಮನ್, ಲೌಡ್ರುಪ್ ಸೇರಿ ನಾಲ್ವರಾದರು. ಪ್ರತಿ ಪಂದ್ಯಕ್ಕೂ ಅವರಲ್ಲೊಬ್ಬರನ್ನು ತರಬೇತುದಾರ ಯೋಹಾನ್ ಕ್ರೈಫ್ ಹೊರಗೆ ಕೂರಿಸಬೇಕಾಗುತ್ತಿತ್ತು.